ಕೇಳಿದ್ದೊಂದು, ಬರೆದದ್ದೊಂದು: ಇಂಗ್ಲಿಷ್ ಮಾತಿನ ಎಡವಟ್ಟುಗಳು

ಪ್ರಶ್ನೆ: ಪಿಯುಸಿ ಓದುವ ಮಗಳು ಪ್ರಬಂಧದಲ್ಲಿ ‘ಫಾರ್ ಆಲ್ ಇಂಟೆನ್ಸಿವ್ ಪರ್ಪಸಸ್’ ಎಂದು ಬರೆದಿದ್ದಳು. ಮೇಷ್ಟ್ರು ‘ಇಂಟೆಂಟ್ಸ್ ಅಂಡ್ ಪರ್ಪಸಸ್’ ಎಂದು ತಿದ್ದಿದ್ದಾರೆ. ನನಗೂ ಇಷ್ಟು ದಿನ ಅವಳು ಬರೆದ ಹಾಗೇ ಕೇಳಿಸುತ್ತಿತ್ತು. ಇಂಥ ತಪ್ಪು ಹೇಗಾಗುತ್ತದೆ?

ಉತ್ತರ: ನಿಮ್ಮಿಬ್ಬರ ಕಿವಿಯಲ್ಲಿ ದೋಷವೇನೂ ಇಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರ ಪಾಲಿನ ಹೊತ್ತು ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ, ಒತ್ತು ಬಿದ್ದ ಕಡೆ ಮಾತು ನಿಲ್ಲುತ್ತದೆ, ಉಳಿದದ್ದನ್ನು ನುಂಗುತ್ತದೆ. ‘ಅಂಡ್’ ಎಂಬುದು ಬರೀ ‘ನ್’ ಆಗಿ ಹಿಂದಿನ ಪದಕ್ಕೆ ಅಂಟಿಕೊಂಡರೆ ಕೇಳಿಸುವುದು ‘ಇಂಟೆಂಟ್ಸ್‌ನ್’. ಆ ಸದ್ದಿಗೆ ಹೊಂದುವ ಪರಿಚಿತ ಪದವನ್ನು ಮನಸ್ಸು ಹುಡುಕುತ್ತದೆ. ಉದ್ದೇಶ ಎಂಬರ್ಥದ ‘ಇಂಟೆಂಟ್’ ದಿನದ ಮಾತಿನಲ್ಲಿ ಅಪರೂಪ. ತೀವ್ರ ಎಂಬರ್ಥದ ‘ಇಂಟೆನ್ಸಿವ್’ ಆಸ್ಪತ್ರೆಯ ಐಸಿಯು ದೆಸೆಯಿಂದ ಎಲ್ಲರಿಗೂ ಗೊತ್ತು. ಗೊತ್ತಿರುವ ಪದವೇ ಬಂದು ಕೂರುತ್ತದೆ.

ಇಂಗ್ಲಿಷ್ ಮನೆಮಾತಾದವರೂ ಇದೇ ತಪ್ಪು ಬರೆಯುತ್ತಾರೆ. ‘ಕುಡ್ ಹ್ಯಾವ್’ ಅವರ ಬಾಯಲ್ಲಿ ‘ಕುಡವ್’ ಆಗುತ್ತದೆ. ‘ಆಫ್’ ಎಂದು ನಾವು ಹೇಳುವ ಪದವನ್ನು ಅವರು ‘ಅವ್’ ಎನ್ನುವುದರಿಂದ ‘ಕುಡ್ ಆಫ್’ ಎಂದೇ ಬರೆದುಬಿಡುತ್ತಾರೆ. ಇಂಥವಕ್ಕೆ ‘ಎಗ್‌ಕಾರ್ನ್’ ಎಂಬ ಹೆಸರೇ ಇದೆ. ಓಕ್ ಮರದ ಕಾಯಿಯ ಹೆಸರು ‘ಏಕಾರ್ನ್’. ಅದನ್ನು ಮೊಟ್ಟೆ ಎಂಬರ್ಥದ ‘ಎಗ್’ ಸೇರಿಸಿ ಬರೆದವರಿದ್ದರು. ಕಾಯಿ ಮೊಟ್ಟೆಯ ಆಕಾರದಲ್ಲೇ ಇರುವುದರಿಂದ ತಪ್ಪಿಗೂ ಒಂದು ಅರ್ಥ ಹುಟ್ಟಿತು. 2003ರಲ್ಲಿ ಭಾಷಾವಿಜ್ಞಾನಿ ಜೆಫ್ರಿ ಪುಲಮ್ ಆ ಪದವನ್ನೇ ಇಂಥ ತಪ್ಪುಗಳ ಹೆಸರಾಗಿ ಸೂಚಿಸಿದರು. ಹಾಡು ಕೇಳಿ ತಪ್ಪು ತಿಳಿದರೆ ಅದು ‘ಮಾಂಡಗ್ರೀನ್’. ಒಂದು ಲಾವಣಿಯಲ್ಲಿ ಸತ್ತವನನ್ನು ಹುಲ್ಲಿನ ಮೇಲೆ ಮಲಗಿಸಿದರು, ‘ಲೇಡ್ ಹಿಮ್ ಆನ್ ದ ಗ್ರೀನ್’, ಎಂಬ ಸಾಲಿದೆ. ಸಿಲ್ವಿಯಾ ರೈಟ್ ಎಂಬ ಲೇಖಕಿಗೆ ಬಾಲ್ಯದಲ್ಲಿ ಅದು ‘ಲೇಡಿ ಮಾಂಡಗ್ರೀನ್’ ಎಂದು ಕೇಳಿಸಿತ್ತು, ಅವರ ಪಾಲಿಗೆ ಇಲ್ಲದ ಹೆಂಗಸೊಬ್ಬಳು ಕಥೆಯೊಳಗೆ ಬಂದು ಸತ್ತಿದ್ದಳು! 1954ರಲ್ಲಿ ಆಕೆ ಬರೆದ ಲೇಖನದಿಂದ ಆ ಹೆಸರು ನಿಂತಿತು.

ಕೆಲವು ತಪ್ಪುಗಳು ಗೆದ್ದೂ ಬಿಟ್ಟಿವೆ. ಕ್ರಿಕೆಟ್ಟಿನ ಅಂಪೈರ್ ಮಧ್ಯಕಾಲದ ಇಂಗ್ಲಿಷಿನಲ್ಲಿ ‘ನ’ಕಾರದಿಂದ ಶುರುವಾಗುತ್ತಿದ್ದ. ಒಬ್ಬ ಎಂಬರ್ಥದ ‘ಎ’ ಎಲ್ಲಿ ಮುಗಿಯಿತು, ಪದ ಎಲ್ಲಿ ಶುರುವಾಯಿತು ಎಂದು ತಿಳಿಯದೆ ಜನ ಆ ‘ನ್’ ಅನ್ನು ಹಿಂದಕ್ಕೆ ತಳ್ಳಿ ‘ಆ್ಯನ್ ಅಂಪೈರ್’ ಮಾಡಿದರು. ‘ನೇಪ್ರನ್’ ಇದ್ದದ್ದು ‘ಏಪ್ರನ್’ ಆದದ್ದೂ ಹೀಗೇ. ‘ನಿಕ್‌ನೇಮ್’ನಲ್ಲಿ ಆದದ್ದು ಉಲ್ಟಾ: ‘ಆ್ಯನ್ ಎಕ್‌ನೇಮ್’ನ ‘ನ್’ ಮುಂದಕ್ಕೆ ಜಾರಿ ಹೊಸ ಪದ ಹುಟ್ಟಿತು.

ಮಗಳಿಗೆ ಒಂದು ಅಭ್ಯಾಸ ಹೇಳಿಕೊಡಿ. ಕಿವಿಯಿಂದಷ್ಟೇ ಕಲಿತ ನುಡಿಗಟ್ಟನ್ನು ಬರೆಯುವ ಮುಂಚೆ ಬಿಡಿಸಿ ಅರ್ಥ ಕೇಳಿಕೊಳ್ಳಲಿ. ‘ತೀವ್ರ ಉದ್ದೇಶಗಳಿಗಾಗಿ’ ಎಂದರೆ ಏನು? ಅರ್ಥ ಕೂರದಿದ್ದರೆ ನಿಘಂಟು ತೆಗೆಯಬೇಕು.

ಪ್ರಶ್ನೆ: ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಬಿ, ‘ರಿಸೀಟ್’ ಪದದಲ್ಲಿ ಪಿ ಯಾಕೆ ಬೇಕು? ನಮ್ಮ ‘ರಸೀದಿ’ ಈ ರಿಸೀಟಿನಿಂದ ಬಂದದ್ದೇ?

ಉತ್ತರ: ಆ ಅಕ್ಷರಗಳು ಯಾರ ಬಾಯಿಂದಲೂ ಉದುರಿಹೋದವಲ್ಲ, ಪಂಡಿತರು ತಂದು ಸೇರಿಸಿದವು. ಫ್ರೆಂಚಿನಿಂದ ಬಂದಾಗ ಅದು ಬಿ ಇಲ್ಲದ ‘ಡೆಟ್ಟೆ’. ಲ್ಯಾಟಿನ್ನಿನ ‘ಡೆಬಿಟಮ್’ ನೆನಪಾಗಲಿ ಎಂದು ಆಮೇಲೆ ಬಿ ತುರುಕಿದರು. ‘ಡೌಟ್’ಗೂ ಅದೇ ಗತಿ. ರಿಸೀಟಿಗೆ ಪಿ ಕೊಟ್ಟವರು ಅದರ ದಾಯಾದಿಗಳಾದ ‘ಡಿಸೀಟ್’, ‘ಕನ್ಸೀಟ್’ಗಳನ್ನು ಹಾಗೇ ಬಿಟ್ಟರು. ‘ಐಲ್ಯಾಂಡ್’ನಲ್ಲಿರುವ ಎಸ್ ಅಂತೂ ಶುದ್ಧ ತಪ್ಪು: ಸಂಬಂಧವೇ ಇಲ್ಲದ ‘ಐಲ್’ ಪದವನ್ನು ನೋಡಿ ಬರೆದದ್ದು. ಹಾಗಾಗಿ ಈ ಅಕ್ಷರಗಳನ್ನು ಉಚ್ಚರಿಸಬೇಡಿ. ರಸೀದಿ ಪಾರಸಿಯಿಂದ ಬಂದ ಪದ. ರಿಸೀಟಿಗೂ ಅದಕ್ಕೂ ನಂಟಿಲ್ಲ.

ಪ್ರಶ್ನೆ: ಅಂಗಡಿಯ ಆರ್ಡರ್‌ಗಳನ್ನು ಫೋನಿನಲ್ಲಿ ತೆಗೆದುಕೊಳ್ಳುತ್ತೇನೆ. ‘ಫಿಫ್ಟೀನ್’ ಎಂದದ್ದು ‘ಫಿಫ್ಟಿ’ ಆಗಿ, ಎಫ್ ಎಂದದ್ದು ಎಸ್ ಆಗಿ ನಷ್ಟವಾಗುತ್ತಿದೆ.

ಉತ್ತರ: ಅರ್ಧ ತಪ್ಪು ಫೋನಿನದು. ಸಾಮಾನ್ಯ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತದೆ. ಎಸ್ ಮತ್ತು ಎಫ್ ಬೇರೆಬೇರೆ ಎಂದು ತೋರಿಸುವ ‘ಸ್‌’ಕಾರದ ಸೀಟಿಯ ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ದಾರಿಯಲ್ಲೇ ಕಳೆದುಹೋಗುತ್ತದೆ. ಎರಡೂ ಕಡೆ ಹೆಚ್ಚು ಸ್ಪಷ್ಟ ಸದ್ದಿನ ಎಚ್‌ಡಿ ವಾಯ್ಸ್ ಸೌಲಭ್ಯ ಸಿಕ್ಕರೆ ಸುಮಾರು 7,000 ಹರ್ಟ್ಜ್‌ವರೆಗೆ ಬರುವುದರಿಂದ ಪರವಾಗಿಲ್ಲ.

ಸಂಖ್ಯೆಯದು ಒತ್ತಿನ ತೊಡಕು. ಒಂಟಿಯಾಗಿ ಹೇಳಿದಾಗ ‘ಫಿಫ್ಟೀನ್’ನ ಒತ್ತು ‘ಟೀನ್’ ಮೇಲೆ, ‘ಫಿಫ್ಟಿ’ಯದು ‘ಫಿಫ್’ ಮೇಲೆ. ಆದರೆ ‘ಫಿಫ್ಟೀನ್ ಬಾಕ್ಸಸ್’ ಎಂದ ಕೂಡಲೇ ಒತ್ತು ಮೊದಲಿನ ‘ಫಿಫ್’ಗೆ ಹಾರಿ ಎರಡೂ ಒಂದೇ ಥರ ಕೇಳುತ್ತವೆ. ಆದ್ದರಿಂದ ಅಂಕೆ ಬಿಡಿಸಿಯೇ ಓದಿ ಹೇಳಿ: ‘ಫಿಫ್ಟೀನ್, ಒನ್ ಫೈವ್’. ಗಿರಾಕಿಗೆ ಕನ್ನಡ ಬಂದರೆ ಇನ್ನೂ ಸುಲಭ. ಹದಿನೈದಕ್ಕೂ ಐವತ್ತಕ್ಕೂ ಗೊಂದಲವೇ ಇಲ್ಲ.

ಬಿ, ಡಿ, ಇ, ಜಿ, ಪಿ, ಟಿ, ವಿ ಎಲ್ಲವೂ ಒಂದೇ ಸ್ವರದಲ್ಲಿ ಮುಗಿಯುವುದರಿಂದ ಬರಿ ಅಕ್ಷರ ಹೇಳಬೇಡಿ, ಊರಿನ ಹೆಸರು ಜೊತೆಗಿರಲಿ: ಬಿ ಫಾರ್ ಬೆಂಗಳೂರು, ಎಂ ಫಾರ್ ಮೈಸೂರು, ಎನ್ ಫಾರ್ ನಾಗಪುರ. ವಿಮಾನದವರು ಇದಕ್ಕೆಂದೇ 1956ರಿಂದ ಆಲ್ಫಾ, ಬ್ರಾವೊ, ಚಾರ್ಲಿ ಪಟ್ಟಿ ಬಳಸುತ್ತಿದ್ದಾರೆ. ‘ಫೈವ್’ ಜೊತೆ ಬೆರೆಯದಿರಲಿ ಎಂದು ಒಂಬತ್ತನ್ನು ‘ನೈನರ್’ ಎನ್ನುತ್ತಾರೆ. ಅಮೆರಿಕದವರು ನಮ್ಮ ‘ಝಡ್’ ಅಕ್ಷರವನ್ನು ‘ಝೀ’ ಎನ್ನುವುದು ನಮಗೆ ಜಿ ಆಗಿ ಕೇಳುತ್ತದೆ, ಅವರ ಜೊತೆ ವ್ಯವಹಾರವಿದ್ದರೆ ಎಚ್ಚರ.

ಬರೆದುಕೊಂಡದ್ದನ್ನು ಪರಿಶೀಲಿಸಲು ಸಂಖ್ಯೆಯ ರಚನೆಯೇ ಸಹಾಯ ಮಾಡುತ್ತದೆ. ಪ್ಯಾನ್ 10 ಸ್ಥಾನದ್ದು: ಐದು ಅಕ್ಷರ, ನಾಲ್ಕು ಅಂಕೆ, ಕೊನೆಗೆ ಒಂದು ಅಕ್ಷರ. ಐಎಫ್‌ಎಸ್‌ಸಿ 11 ಸ್ಥಾನದ್ದು; ಐದನೆಯದು ಯಾವಾಗಲೂ ಸೊನ್ನೆ, ಹೇಳುವವರು ‘ಓ’ ಎಂದರೂ ನೀವು ಸೊನ್ನೆಯನ್ನೇ ಬರೆಯಿರಿ.

ಪ್ರಶ್ನೆ: ‘ಆಸ್ಕೆಡ್’, ‘ಯೆಗ್ಗು’ ಎಂದರೆ ಮಕ್ಕಳು ನಗುತ್ತಾರೆ. ತಿದ್ದಿಕೊಳ್ಳಬೇಕೇ?

ಉತ್ತರ: ಯೆಗ್ಗನ್ನು ಬಿಟ್ಟುಬಿಡಿ. ‘ಎಲ್ಲಿ’ಯನ್ನು ‘ಯೆಲ್ಲಿ’ ಎನ್ನುವ ನಮ್ಮ ನಾಲಿಗೆಯ ಸಹಜ ಗುಣ ಅದು, ಯಾರಿಗೂ ಅರ್ಥ ಕೆಡುವುದಿಲ್ಲ. ‘ಆಸ್ಕೆಡ್’ ಮಾತ್ರ ತಿದ್ದಿಕೊಳ್ಳಿ, ಅಲ್ಲಿ ಇಲ್ಲದ ಸ್ವರ ಸೇರಿ ಪದದ ಅಳತೆಯೇ ಬದಲಾಗುತ್ತದೆ. ಕ್ರಿಯಾಪದದ ಮೂಲ ಸದ್ದು ಟ್ ಅಥವಾ ಡ್‌ನಲ್ಲಿ ಮುಗಿದರೆ ಮಾತ್ರ ‘ಇಡ್’ ಸೇರುತ್ತದೆ: ವಾಂಟಿಡ್, ನೀಡಿಡ್. ಪ್, ಕ್, ಫ್, ಸ್, ಶ್, ಚ್ ಸದ್ದಿನ ನಂತರ ‘ಟ್’: ಆಸ್ಕ್ಟ್, ವಾಷ್ಟ್, ಡೆವೆಲಪ್ಟ್. ಮಿಕ್ಕೆಲ್ಲ ಕಡೆ ‘ಡ್’: ಕಾಲ್ಡ್, ಓಪನ್ಡ್. ‘ವಿಕಿಡ್’, ‘ನೇಕಿಡ್’ ಥರದ ಕೆಲವು ಗುಣವಾಚಕಗಳು ಈ ಲೆಕ್ಕಕ್ಕೆ ಸಿಗವು. ಕಲಿತೆ ಎನ್ನುವಾಗ ‘ಲರ್ನ್ಡ್’, ವಿದ್ವಾಂಸ ಎನ್ನುವ ಅರ್ಥದಲ್ಲಿ ‘ಲರ್ನಿಡ್’.