ಅಬ್ರಪ್ಟ್ ಪದಕ್ಕೆ ‘ಹಠಾತ್’ ಅಂದರೆ ಸಾಕೇ?

ಅಬ್ರಪ್ಟ್ ಅನ್ನೋ ಇಂಗ್ಲಿಷ್ ಪದಕ್ಕೆ ಹಠಾತ್ ಅಂತ ಕಲಿತಿದ್ದೀರಿ, ಆದರೆ ಒಬ್ಬರ ಮಾತಿಗೂ ಬೆಟ್ಟಕ್ಕೂ ಅದೇ ಪದ ಹಾಕ್ತಾರಲ್ಲ, ಯಾಕೆ ಅಂತ ಕೇಳಿದ್ದೀರಿ. ನನಗೂ ತುಂಬಾ ದಿನ ಇದೇ ಗೊಂದಲ ಇತ್ತು. ಪದದ ಬೇರು ನೋಡಿದ ಮೇಲೆ ಬಗೆಹರಿಯಿತು.

ಲ್ಯಾಟಿನ್‌ನಲ್ಲಿ ರುಂಪೆರೆ ಅಂದರೆ ಮುರಿಯುವುದು. ಅದರ ಮೊದಲಿಗೆ ‘ಅಬ್’ ಸೇರಿದರೆ ಮುರಿದು ಬೇರೆ ಮಾಡುವುದು. ಇಂಟರಪ್ಟ್, ಎರಪ್ಟ್, ಕರಪ್ಟ್, ರಪ್ಚರ್ ಎಲ್ಲ ಇದೇ ಬೇರಿನವು. ಒಂದು ಒಣ ಕಡ್ಡಿ ತಗೊಂಡು ಮುರಿದು ನೋಡಿ. ನಿಧಾನಕ್ಕೆ ಬಾಗಲ್ಲ, ಲಟಕ್ಕನೆ ಎರಡಾಗುತ್ತದೆ. ತುದಿ ಒರಟಾಗಿ ಉಳಿಯುತ್ತದೆ. ಅಬ್ರಪ್ಟ್‌ನ ಅರ್ಥಗಳೆಲ್ಲ ಆ ಕಡ್ಡಿಯಲ್ಲೇ ಇವೆ.

ಮೊದಲನೆಯದು ನಿಮಗೆ ಗೊತ್ತಿರುವುದೇ. ಆದರೆ ಸಡನ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಸಡನ್ ಅಂದಾಗ ಎದುರು ನೋಡದೇ ಇದ್ದದ್ದು ಬಂತು ಅನ್ನೋದು ಮುಖ್ಯ. ಅಬ್ರಪ್ಟ್ ಅಂದಾಗ ನಡೀತಾ ಇದ್ದದ್ದು ಕಡಿದುಹೋಯಿತು ಅನ್ನೋದು ಮುಖ್ಯ. ಅದಕ್ಕೇ ಮನಸ್ಸಿಗೆ ಥಟ್ಟನೆ ಬಂದ ಖುಷಿ ಸಡನ್. ಅರ್ಧಕ್ಕೇ ನಿಂತ ಸಭೆ ಅಬ್ರಪ್ಟ್.

ಮಾತಿನ ಅರ್ಥವೇ ಜಾಸ್ತಿ ಎಡವಿಸುವುದು. ‘ನಾಳೆ ಬರಲಾ?’ ಅಂತ ಕೇಳುತ್ತೀರಿ. ಆ ಕಡೆಯವರು ‘ಬೇಡ’ ಅಂದು ಫೋನ್ ಇಟ್ಟುಬಿಡುತ್ತಾರೆ. ಬೈದಿಲ್ಲ, ಕೂಗಿಲ್ಲ, ಆದರೂ ಮನಸ್ಸಿಗೆ ಚುಚ್ಚುತ್ತದೆ ಅಲ್ವಾ? ಅದು ಅಬ್ರಪ್ಟ್. ‘ಹಠಾತ್ತಾಗಿ ಮಾತಾಡಿದ’ ಅಂತ ಅನುವಾದ ಮಾಡಿದರೆ ಕೆಟ್ಟುಹೋಗುತ್ತದೆ. ನಮ್ಮ ‘ಕಡ್ಡಿ ಮುರಿದ ಹಾಗೆ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ನೇರತನದ ಮೆಚ್ಚುಗೆಯೂ ಇರಬಹುದು. ಅಬ್ರಪ್ಟ್‌ನಲ್ಲಿ ಆ ಮೆಚ್ಚುಗೆ ಇಲ್ಲ. ‘ಮುಖಕ್ಕೆ ಹೊಡೆದ ಹಾಗೆ’ ಅನ್ನುವುದು ನನಗೆ ಇನ್ನೂ ಸರಿ ಅನಿಸುತ್ತದೆ.

ಬೆಟ್ಟಕ್ಕಾದರೆ ‘ಕಡಿದಾದ’ ಇದ್ದೇ ಇದೆ. ಅದರಲ್ಲೂ ಕಡಿಯುವ ಸದ್ದು ಕೇಳಿಸುತ್ತದೆ, ನೋಡಿ.

ಇನ್ನು ರೂಪಗಳು. ಕ್ರಿಯೆಯ ರೀತಿ ಹೇಳಲು ಅಬ್ರಪ್ಟ್ಲಿ, ಗುಣಕ್ಕೆ ಅಬ್ರಪ್ಟ್‌ನೆಸ್. ಅಬ್ರಪ್ಷನ್ ಬೇರೆ, ಅದು ಹೆಚ್ಚಾಗಿ ವೈದ್ಯರ ಬಾಯಲ್ಲಿ. ಪ್ಲಾಸೆಂಟಲ್ ಅಬ್ರಪ್ಷನ್ ಅಂದರೆ ಹೆರಿಗೆಗೆ ಮೊದಲೇ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳುವುದು. ಸಸ್ಯಶಾಸ್ತ್ರದಲ್ಲೂ ಅಬ್ರಪ್ಟ್ಲಿ ಇದೆ. ಹುಣಸೆ ಎಲೆಯನ್ನು ಅಬ್ರಪ್ಟ್ಲಿ ಪಿನೇಟ್ ಅನ್ನುತ್ತಾರೆ. ಕಡ್ಡಿಯ ಎರಡೂ ಕಡೆ ಜೋಡಿ ಜೋಡಿಯಾಗಿ ಪುಟ್ಟ ಎಲೆ ಬರುತ್ತವೆ. ತುದಿಯಲ್ಲಿ ಒಂಟಿ ಎಲೆ ಇರಬೇಕಿತ್ತು ಅನಿಸುವ ಜಾಗದಲ್ಲಿ ಏನೂ ಇಲ್ಲ, ಅಲ್ಲಿಗೇ ನಿಂತುಬಿಡುತ್ತದೆ.