ಯುದ್ಧದ ಸಿನಿಮಾ ನೋಡಿ ಜನ ಎದ್ದು ಹೋದರೆ ಮತ್ತೆ ಎಡಿಟ್ ಮಾಡಬೇಕಾ?

ಮೊದಲ ಶೋನಲ್ಲೇ ಅರ್ಧ ಜನ ಎದ್ದು ಹೋದರು, ಮಾತಿಲ್ಲದ ದೃಶ್ಯ ತೆಗೆದುಬಿಡಲಾ, ನನ್ನ ಕೆರಿಯರ್ ಇಲ್ಲಿಗೇ ಮುಗೀತಾ ಅಂತ ಕೇಳಿದ್ದೀರಿ. ತೆಗೆಯಬೇಡಿ. ನಾನು ತೆಗೆದಿದ್ದೆ.

ನನ್ನದು 40 ನಿಮಿಷದ ಕಿರುಚಿತ್ರ. ಕಾರ್ಗಿಲ್‌ಗೆ ಹೋದ ಮಗನ ಸುದ್ದಿಗೆ ಕಾಯುವ ಮಲ್ಪೆಯ ತಾಯಿಯ ಕಥೆ. ಅದರಲ್ಲಿ ಆರು ನಿಮಿಷ ಮಾತೇ ಇಲ್ಲ. ಅವಳು ಅಂಗಳದಲ್ಲಿ ಮೀನು ಒಣಗಿಸುತ್ತಾಳೆ, ಕಾಗೆ ಓಡಿಸುತ್ತಾಳೆ, ಗೇಟಿನ ಸದ್ದಾದರೆ ಕೈ ನಿಲ್ಲುತ್ತದೆ, ಯಾರೂ ಇಲ್ಲ, ಮತ್ತೆ ಮೀನು ಮಗುಚುತ್ತಾಳೆ. ಮಂಗಳೂರಿನ ಶೋನಲ್ಲಿ ಸರಿಯಾಗಿ ಅಲ್ಲೇ ಮಡಚುವ ಕುರ್ಚಿಗಳು ಪಟ್ ಪಟ್ ಅನ್ನತೊಡಗಿದವು.

ನಾಲ್ಕು ದಿನ ಬಿಟ್ಟು ಉಡುಪಿಯಲ್ಲಿ ಶೋ. ಮಂಗಳೂರಿನ ಶೋ ಮುಗಿದ ರಾತ್ರಿಯೇ ಕೂತು ಆರು ನಿಮಿಷವನ್ನು ನಲವತ್ತು ಸೆಕೆಂಡಿಗೆ ಇಳಿಸಿದೆ, ಗುಂಡಿನ ಸದ್ದು ತುಂಬಿದೆ. ಬೆಳಿಗ್ಗೆ ಮದುವೆ ಶೂಟಿಂಗ್ ಇತ್ತು, ಹಾರ್ಡ್ ಡಿಸ್ಕಲ್ಲಿ ಜಾಗ ಇರಲಿಲ್ಲ, ಇನ್ಯಾಕೆ ಬೇಕು ಅಂತ ಹಳೇ ಫೂಟೇಜ್ ಕೂಡ ಅಳಿಸಿದೆ. ಜನ ಎಲ್ಲಿ ಎದ್ದರು ಅಂತ ನೋಡಿದೆನೇ ಹೊರತು ಯಾಕೆ ಬಂದಿದ್ದರು ಅಂತ ಯೋಚಿಸಲೇ ಇಲ್ಲ. ಪೋಸ್ಟರ್ ಮಾಡಿದವನು ನಾನೇ. ಅದರ ತುಂಬ ಬಂದೂಕು, ಬೆಂಕಿ, ಹೊಗೆ. ತಾಯಿ ಎಲ್ಲೂ ಇಲ್ಲ. ಫೈಟ್ ನೋಡಲು ಬಂದವರು ಒಣಮೀನು ನೋಡಿ ಎದ್ದರು. ತಪ್ಪು ಪೋಸ್ಟರಿನದು, ಶಿಕ್ಷೆ ಆ ದೃಶ್ಯಕ್ಕೆ ಕೊಟ್ಟೆ.

ಉಡುಪಿಯಲ್ಲಿ ಯಾರೂ ಏಳಲಿಲ್ಲ. ಯಾರೂ ಏನೂ ಹೇಳಲೂ ಇಲ್ಲ. ಒಬ್ಬ ನಿವೃತ್ತ ಯೋಧರು ಮಾತ್ರ ಬಾಗಿಲಲ್ಲಿ ನಿಂತು, "ಮೀನು ಒಣಗಿಸುವ ತಾಯಿ ಇದ್ದಾರೆ ಅಂತ ಗೆಳೆಯ ಹೇಳಿದ್ದ, ನನ್ನಮ್ಮನೂ ಹಾಗೇ ಕಾಯುತ್ತಿದ್ದರು, ಅದೆಲ್ಲಿ?" ಅಂದರು. ನನ್ನ ಹತ್ತಿರ ತೋರಿಸಲು ಏನೂ ಉಳಿದಿರಲಿಲ್ಲ.

ಅಮೆರಿಕದ ನಿರ್ದೇಶಕ ಟೆರೆನ್ಸ್ ಮ್ಯಾಲಿಕ್ 1973 ಮತ್ತು 1978ರಲ್ಲಿ ಎರಡು ಸಿನಿಮಾ ಮಾಡಿ 20 ವರ್ಷ ಏನೂ ಬಿಡುಗಡೆ ಮಾಡಲಿಲ್ಲ. 1998ರಲ್ಲಿ ಎರಡನೇ ಮಹಾಯುದ್ಧದ ಗ್ವಾಡಲ್‌ಕೆನಾಲ್ ಕಾಳಗದ ಬಗ್ಗೆ 'ದಿ ಥಿನ್ ರೆಡ್ ಲೈನ್' ತಂದರು. ಐದು ತಿಂಗಳ ಹಿಂದಷ್ಟೇ ಸ್ಪೀಲ್‌ಬರ್ಗ್ ಅವರ 'ಸೇವಿಂಗ್ ಪ್ರೈವೇಟ್ ರಯಾನ್' ಬಂದಿತ್ತು. ಆ ಯುದ್ಧಚಿತ್ರದ ಅಬ್ಬರ ಕಣ್ಣಲ್ಲಿಟ್ಟುಕೊಂಡು ಹೋದವರಿಗೆ ಇಲ್ಲಿ ಗಾಳಿಗೆ ಬಾಗುವ ಹುಲ್ಲು, ಸೈನಿಕರ ಮನಸ್ಸಿನ ಪಿಸುಮಾತು ಸಿಕ್ಕಿದರೆ ಬೋರ್ ಆಗದೆ ಇರುತ್ತದಾ? ಏಳು ಆಸ್ಕರ್ ನಾಮನಿರ್ದೇಶನ, ಒಂದೂ ಬರಲಿಲ್ಲ. ಆದರೆ 1999ರಲ್ಲಿ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಸಿಕ್ಕಿತು, 2011ರಲ್ಲಿ ಇನ್ನೊಂದು ಸಿನಿಮಾಕ್ಕೆ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ಡಿ'ಓರ್ ಕೂಡ. ಒಂದು ಶೋ ನೋಡಿ ಕೆರಿಯರ್ ಲೆಕ್ಕ ಹಾಕಬೇಡಿ.

ನಮ್ಮೂರ ಜನಕ್ಕೆ ತಾಳ್ಮೆ ಇಲ್ಲ ಅಂತಲೂ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ಬೆಳಗಿನ ತನಕ ಗದ್ದೆಯಲ್ಲಿ ಕೂತು ಯಕ್ಷಗಾನದ ಆಟ ನೋಡಿದ ಜನ ಇವರು. ಆದರೆ ಯಾವ ಪ್ರಸಂಗ ಅಂತ ಮೊದಲೇ ತಿಳಿದು ಹೋಗುತ್ತಾರೆ, ಅಲ್ವಾ? ನೀವೂ ಪೋಸ್ಟರ್ ಬದಲಾಯಿಸಿ. ಮೂಲ ಫೈಲನ್ನು ಇವತ್ತೇ ಎರಡು ಕಡೆ ಕಾಪಿ ಮಾಡಿಡಿ. ಉಡುಪಿಯಲ್ಲಿ ಶೋ ಇಟ್ಟರೆ ತಿಳಿಸಿ, ಆ ಯೋಧರನ್ನೂ ಕರೆದುಕೊಂಡು ಬರುತ್ತೇನೆ.