ಬಾಹ್ಯಾಕಾಶದ ತಂತಿಗೆ ಎಲೆಕ್ಟ್ರಾನು ಎಲ್ಲಿಂದ?

ಪ್ರಶ್ನೆ: ಕಕ್ಷೆಯಲ್ಲಿ ಉಪಗ್ರಹಕ್ಕೆ ಕಟ್ಟಿದ ಉದ್ದನೆಯ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆಯಂತೆ. ಸರ್ಕಿಟ್ ಪೂರ್ಣವಾಗುವುದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ, ಮುಂಬೈ

ಉತ್ತರ: ಅಲ್ಲಿ ವಿದ್ಯುತ್ತು ಹಿಂದಿರುಗುವ ದಾರಿಯಾಗುವುದು ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಪದರದ, ಪ್ಲಾಸ್ಮಾ (ಬಿಡಿ ಎಲೆಕ್ಟ್ರಾನು ಮತ್ತು ಅಯಾನುಗಳಿರುವ ಅನಿಲ). ಭೂಮಿಯ ಕಾಂತಕ್ಷೇತ್ರವನ್ನು ಅಡ್ಡಹಾಯುವ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ, ಧನಾವೇಶದ ತುದಿಯು ಸುತ್ತಲಿನ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ. ಇನ್ನೊಂದು ತುದಿಯ ಎಲೆಕ್ಟ್ರಾನ್ ಗನ್ ಅವನ್ನು ಹೊರಚೆಲ್ಲುತ್ತದೆ. ಚೆಲ್ಲುವುದಕ್ಕಿಂತ ಹಿಡಿಯುವುದೇ ಕಷ್ಟ, ಏಕೆಂದರೆ ಪ್ಲಾಸ್ಮಾ ವಿರಳವಾಗಿದ್ದು, ಎಲೆಕ್ಟ್ರಾನುಗಳು ಕಾಂತರೇಖೆಗಳನ್ನು ಸುಲಭವಾಗಿ ದಾಟಲಾರವು. ಆದರೂ 1996ರ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾದಿಂದ ಎಲೆಕ್ಟ್ರಾನು ಹಿಡಿಯುವ 1.6 ಮೀಟರ್ ವ್ಯಾಸದ ಗೋಳವೊಂದನ್ನು ತಂತಿಯ ತುದಿಯಲ್ಲಿ ಬಿಟ್ಟಾಗ, ಸುಮಾರು 19.7 ಕಿ.ಮೀ. ಬಿಚ್ಚಿದ ಮೇಲೆ ತಂತಿ ತುಂಡಾಯಿತಾದರೂ, ಅಷ್ಟರೊಳಗೇ ಸಿದ್ಧಾಂತ ಹೇಳಿದ್ದಕ್ಕಿಂತ ಎರಡು ಮೂರು ಪಟ್ಟು ವಿದ್ಯುತ್ ದೊರೆತಿತ್ತು. ನಮ್ಮ ದೃಷ್ಟಿಯಲ್ಲಿ ಭಾರದ ಗೋಳಕ್ಕಿಂತ ಹೊದಿಕೆಯಿಲ್ಲದ ಬರಿಯ ತಂತಿಯೇ ಜಾಣ ಉಪಾಯ; ಅದು ಕಿಲೋಮೀಟರುಗಟ್ಟಲೆ ಉದ್ದಕ್ಕೂ ತಾನೇ ಎಲೆಕ್ಟ್ರಾನುಗಳನ್ನು ಹಿಡಿಯಬಲ್ಲದು.